ಜಯಚಾಮರಾಜೇಂದ್ರ ಒಡೆಯರ್

ಜಯಚಾಮರಾಜೇಂದ್ರ ಒಡೆಯರ್ (ಜುಲೈ 18, 1919 – ಸೆಪ್ಟೆಂಬರ್ 23, 1974) ಮೈಸೂರು ಸಂಸ್ಥಾನದ 25ನೆಯ ಹಾಗೂ ಕೊನೆಯ ಆಳ್ವಿಕೆಯ ಮಹಾರಾಜರು. ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನವಾದ ಬಳಿಕ ಮೈಸೂರು ರಾಜ್ಯದ ರಾಜಪ್ರಮುಖರಾಗಿ, ಅನಂತರ ಮೈಸೂರು ಮತ್ತು ಮದರಾಸು ರಾಜ್ಯಗಳ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ರಾಜಕಾರಣದಷ್ಟೇ, ಒಂದು ದೃಷ್ಟಿಯಿಂದ ಅದಕ್ಕಿಂತ ಹೆಚ್ಚಾಗಿ, ಅವರ ಹೆಸರು ಉಳಿದಿರುವುದು ಸಂಗೀತದಲ್ಲಿ. ಪಿಯಾನೊ ಮತ್ತು ವೀಣೆಗಳನ್ನು ಹವ್ಯಾಸವಾಗಿ ನುಡಿಸುತ್ತಿದ್ದ ಅವರು 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯಾದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ವಾದನವು ಧ್ವನಿಮುದ್ರಿಕೆಗಳಲ್ಲಿ ಉಳಿದುಬರಲು ಕಾರಣರಾದವರೂ ಅವರೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಯಚಾಮರಾಜೇಂದ್ರರು ಮೈಸೂರಿನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಯುವರಾಣಿ ಕೆಂಪುಚೆಲುವಾಜಮ್ಮಣ್ಣಿಯವರ ಒಬ್ಬನೇ ಮಗನಾಗಿ ಜನಿಸಿದರು. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ದೊಡ್ಡಪ್ಪ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ತಂದೆಯ ನಂತರ ಸಿಂಹಾಸನವು ತಮಗೆ ಬರುವುದೆಂಬುದು ಬಾಲಕನಿಗೆ ಮೊದಲಿನಿಂದಲೇ ತಿಳಿದ ವಿಷಯ. ಅದು ಅಷ್ಟು ಬೇಗ ಬರುವುದೆಂಬುದು ಮಾತ್ರ ಯಾರ ಎಣಿಕೆಯಲ್ಲೂ ಇರಲಿಲ್ಲ.

ಅರಮನೆಯ ಸಂಗೀತದ ವಾತಾವರಣವನ್ನು ಗಮನಿಸದೆ ಅವರ ಮುಂದಿನ ಬದುಕು ಅರ್ಥವಾಗುವುದು ಕಷ್ಟ. ನಾಲ್ವಡಿಯವರು ವೀಣೆ, ಪಿಟೀಲು, ಕೊಳಲು, ಮೃದಂಗಗಳ ಜೊತೆಗೆ ಪಿಯಾನೊ ಮತ್ತು ಸ್ಯಾಕ್ಸೊಫೋನ್‌ಗಳನ್ನೂ ನುಡಿಸಬಲ್ಲವರಾಗಿದ್ದರು. ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿದ್ದಂತೆಯೇ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡೂ ಇತ್ತು. ಎರಡು ಪದ್ಧತಿಗಳ ವಾದ್ಯಗಳು ಒಂದೇ ಸೂರಿನಡಿ ನುಡಿಯುತ್ತಿದ್ದ ಆ ಪರಿಸರಕ್ಕಾಗಿಯೇ ಆಸ್ಥಾನ ವಿದ್ವಾನ್ ವೀಣೆ ವೆಂಕಟಗಿರಿಯಪ್ಪನವರು 'ನಗ್ಮಾ'ಗಳೆಂಬ ವಾದ್ಯರಚನೆಗಳನ್ನು ಸಂಯೋಜಿಸಿದರು. ಭಾರತದ ಮೊದಲ ಗ್ರಾಮಫೋನ್ ಧ್ವನಿಮುದ್ರಿಕೆಗಳಿಗಾಗಿ 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಕೂಡ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಆಸ್ಥಾನದ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಗ ಜಯಚಾಮರಾಜೇಂದ್ರರಿಗೆ ಹತ್ತು ವರ್ಷ.

ಬಾಲ್ಯದಲ್ಲೇ ಆರಂಭವಾದ ಪಿಯಾನೊ ಕಲಿಕೆ ಅವರ ಮುಖ್ಯ ಆಸಕ್ತಿಯಾಗಿ ಬೆಳೆಯಿತು. ಸೋದರಿ ವಿಜಯಾದೇವಿಯವರೂ ಪಿಯಾನೊ ಕಲಿತು, ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಜಯಚಾಮರಾಜೇಂದ್ರರು 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಹಲವು ಪದಕಗಳೊಂದಿಗೆ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಕೈಗೊಂಡು ಅಲ್ಲಿನ ಕಲಾವಿದರನ್ನೂ ವಿದ್ವಾಂಸರನ್ನೂ ಭೇಟಿಯಾದರು.

ಪಟ್ಟಾಭಿಷೇಕ

ವೇದಿಕೆಯ ಪಿಯಾನೊ ವಾದಕರಾಗಬೇಕೆಂಬುದು ತರುಣ ಜಯಚಾಮರಾಜೇಂದ್ರರ ಆಕಾಂಕ್ಷೆಯಾಗಿತ್ತು. 1940ನೆಯ ವರ್ಷ ಅದಕ್ಕೆ ತೆರೆ ಎಳೆಯಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ತಂದೆ ಯುವರಾಜ ನರಸಿಂಹರಾಜ ಒಡೆಯರ್ ಮುಂಬಯಿಯಲ್ಲಿ ನಿಧನರಾದರು. ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಐದು ತಿಂಗಳೊಳಗೆ ಎರಡು ಸಾವುಗಳನ್ನು ಕಂಡ ಇಪ್ಪತ್ತೊಂದು ವರ್ಷದ ತರುಣ ಸೆಪ್ಟೆಂಬರ್ 8ರಂದು ಸಿಂಹಾಸನವನ್ನೇರಿದರು.

ಪಿಯಾನೊ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಅವರು ಪಡೆದರು. ಅದೇ ನಗರದ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೊ ಸ್ಥಾನವನ್ನು ನೀಡಿತು. ವೃತ್ತಿಯಾಗಬೇಕಿದ್ದುದು ಹವ್ಯಾಸವಾಗಿ ಉಳಿದುಕೊಂಡಿತು. ಮುಂದಿನ ದಶಕದಲ್ಲಿ ಅವರು ಪಾಶ್ಚಾತ್ಯ ಸಂಗೀತಕ್ಕಾಗಿ ಮಾಡಿದ ಕೆಲಸವನ್ನು ಅರಸನ ಔದಾರ್ಯವೆಂದು ಮಾತ್ರ ಬಣ್ಣಿಸುವುದು ಸರಿಯಾಗಲಾರದು. ಯಾವ ಕೃತಿ ಧ್ವನಿಮುದ್ರಣಗೊಳ್ಳಬೇಕು, ಯಾವುದು ಇನ್ನೂ ಆಗಿಲ್ಲ ಎಂಬುದನ್ನು ವಾದಕನ ಕಿವಿಯಿಂದಲೇ ಅವರು ನಿರ್ಧರಿಸಿದ್ದರು.

ಧ್ವನಿಮುದ್ರಿಕೆಗಳ ಸಂಗ್ರಹ

ಯುರೋಪಿನ ಸಂಗೀತ ಸಭಾಂಗಣಗಳಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಕೇಳುಗನಿಗೆ ಗ್ರಾಮಫೋನ್ ತಟ್ಟೆಯೊಂದೇ ದಾರಿ. ಜಯಚಾಮರಾಜೇಂದ್ರರ ಸಂಗ್ರಹದಲ್ಲಿ 1950ರ ವೇಳೆಗೆ ಸುಮಾರು 20,000 ತಟ್ಟೆಗಳಿದ್ದವೆಂದು ಅಂದಾಜು ಮಾಡಲಾಗಿತ್ತು. ಲಂಡನ್ನಿನ ಎಚ್‌ಎಂವಿ ಮತ್ತು ಕೊಲಂಬಿಯಾ ಮುದ್ರಿಕೆಗಳ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಕೆಲವು ವಾರ ತಂಗಿದ್ದಾಗ ಈ ಸಂಗ್ರಹವನ್ನು ಕಂಡು ಬೆರಗಾದರು. ಗಂಭೀರ ಸಂಗೀತದ ಎಲ್ಲ ಬಗೆಯ ಮುದ್ರಿಕೆಗಳು, ಅವನ್ನು ಕೇಳಲು ಬಗೆಬಗೆಯ ಧ್ವನಿವರ್ಧಕಗಳು ಮತ್ತು ಹಲವು ದೊಡ್ಡ ಪಿಯಾನೊಗಳು ಅಲ್ಲಿದ್ದುದನ್ನು ಲೆಗ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಅಂದಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ನಾಲ್ಕರಿಂದ ಐದು ನಿಮಿಷಗಳ ಸಂಗೀತ. ಅರ್ಧ ಗಂಟೆ ಮೀರುವ ಒಂದು ಪಿಯಾನೊ ಕಾನ್ಸರ್ಟೊವನ್ನು ಕೇಳಬೇಕಾದರೆ ಎಂಟೋ ಹತ್ತೋ ಬದಿಗಳನ್ನು ಒಂದಾದಮೇಲೊಂದರಂತೆ ಬದಲಿಸುತ್ತ ಹೋಗಬೇಕಿತ್ತು. ಇಷ್ಟು ಭಾರವಾದ, ಒಡೆಯುವ, ದುಬಾರಿಯಾದ ಸರಕನ್ನು ಹೆಚ್ಚು ಜನ ಕೊಳ್ಳುವುದಿಲ್ಲವೆಂದು ಕಂಪನಿಗಳು ಅಪರಿಚಿತ ರಚನಕಾರರ ಗೊಡವೆಗೆ ಹೋಗುತ್ತಿರಲಿಲ್ಲ. ಈ ತೊಡಕಿಗೆ ಲೆಗ್ 1930ರ ದಶಕದ ಆರಂಭದಲ್ಲಿ ಒಂದು ಉಪಾಯ ಕಂಡುಕೊಂಡಿದ್ದರು. ಆಸಕ್ತರಿಂದ ಮುಂಗಡವಾಗಿ ಚಂದಾ ಪಡೆದು, ಸಾಕಷ್ಟು ಚಂದಾ ಸೇರಿದ ಮೇಲೆ ಧ್ವನಿಮುದ್ರಣ ಮಾಡಿ, ಚಂದಾದಾರರಿಗೆ ತಟ್ಟೆಗಳನ್ನು ಹಂಚುವ 'ಸೊಸೈಟಿ' ಪದ್ಧತಿ ಅದು. ಹ್ಯೂಗೊ ವೂಲ್ಫ್ ಅವರ ಹಾಡುಗಳು ಮೊದಲು ಈ ರೀತಿಯಲ್ಲಿ ಹೊರಬಂದವು. ಕನ್ನಡದ ಓದುಗರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ. ನಮ್ಮಲ್ಲೂ ಎಷ್ಟೋ ಪುಸ್ತಕಗಳು ಪ್ರಕಟಣಪೂರ್ವ ಚಂದಾ ಹಣದಿಂದಲೇ ಅಚ್ಚಾಗಿವೆ. ಮೈಸೂರಿನ ಮಹಾರಾಜರು ಪ್ರವೇಶಿಸಿದ್ದು ಈ ಪದ್ಧತಿಯೊಳಕ್ಕೇ. ಒಂದೇ ವ್ಯತ್ಯಾಸವೆಂದರೆ, ನೂರಾರು ಚಂದಾದಾರರು ಸೇರಿ ಹೊರಬೇಕಿದ್ದ ವೆಚ್ಚವನ್ನು ಅವರೊಬ್ಬರೇ ಹೊತ್ತರು.

ಮೆಟ್ನರ್ ಧ್ವನಿಮುದ್ರಣಗಳು

ನಿಕೊಲಾಯ್ ಮೆಟ್ನರ್ ಮಾಸ್ಕೊದಲ್ಲಿ ಬೆಳೆದ ಪಿಯಾನೊ ವಾದಕ ಮತ್ತು ರಚನಕಾರ. ಪ್ರಸಿದ್ಧ ಸಂಗೀತಗಾರ ಸೆರ್ಗೆಯ್ ರಖ್ಮಾನಿನೊಫ್ ಅವರ ಆಪ್ತ ಮಿತ್ರ. ರಖ್ಮಾನಿನೊಫ್ ತಮ್ಮ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ್ದರೆ, ಮೆಟ್ನರ್ ತಮ್ಮ ಎರಡನೆಯದನ್ನು ರಖ್ಮಾನಿನೊಫ್‌ಗೆ ಅರ್ಪಿಸಿದ್ದರು. 1921ರಲ್ಲಿ ರಷ್ಯಾ ತೊರೆದ ಮೆಟ್ನರ್, ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ಇದ್ದು, 1930ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ರಖ್ಮಾನಿನೊಫ್‌ಗೆ ದೊರೆತ ಕೀರ್ತಿಯಾಗಲಿ ಸಂಪತ್ತಾಗಲಿ ಅವರಿಗೆ ದೊರೆಯಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು. ಹೃದಯರೋಗ ಕಾಣಿಸಿಕೊಂಡಿತು. ಯುದ್ಧದ ವರ್ಷಗಳಲ್ಲಿ ಅವರನ್ನೂ ಅವರ ಪತ್ನಿಯನ್ನೂ ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ನೋಡಿಕೊಂಡಿತು.

ಮೆಟ್ನರ್ ಅವರ ಸಂಗೀತ ಆಗಿನ ಅಭಿರುಚಿಗೆ ಹಳೆಯದಾಗಿ ತೋರುತ್ತಿತ್ತು. ಯುರೋಪಿನ ಹೊಸ ರಚನಕಾರರು ಸ್ವರಸಂಬಂಧಗಳ ಹಳೆಯ ಕಟ್ಟನ್ನೇ ಕಳಚುತ್ತಿದ್ದ ಕಾಲದಲ್ಲಿ ಅವರು ಪರಂಪರೆಯ ನಿಯಮಗಳನ್ನು ಬಿಡಲೊಪ್ಪದೆ ಬರೆಯುತ್ತಿದ್ದರು. ಕೇಳುವವರು ಕಡಿಮೆ, ನುಡಿಸುವವರು ಇನ್ನೂ ಕಡಿಮೆ. ಎಪ್ಪತ್ತರ ಸಮೀಪದ, ರೋಗಪೀಡಿತ ವಾದಕನೊಡನೆ ಆತನ ವಾದನದ ರೀತಿಯೂ ಮಣ್ಣಾಗುವ ಸಾಧ್ಯತೆ ನಿಚ್ಚಳವಾಗಿತ್ತು. ಮೈಸೂರಿನಲ್ಲಿ ಕುಳಿತು ಈ ಸಂಗೀತವನ್ನು ಮೆಚ್ಚಿದ್ದ ಮಹಾರಾಜರು ಅದನ್ನು ಧ್ವನಿಮುದ್ರಿಸುವ ವೆಚ್ಚವನ್ನು ವಹಿಸಿಕೊಳ್ಳಲು ಮುಂದಾದಾಗ ಮೆಟ್ನರ್‌ಗೆ ಅದು ಅನಿರೀಕ್ಷಿತವಾಗಿತ್ತು.

ಹೀಗೆ ಎಚ್‌ಎಂವಿ ಕಂಪನಿಯ ಮೂಲಕ 'ಮೆಟ್ನರ್ ಸೊಸೈಟಿ'ಯ ಮುದ್ರಿಕೆಗಳು ಸಿದ್ಧವಾದವು. 1947ರಲ್ಲಿ ಎರಡನೆಯ ಮತ್ತು ಮೂರನೆಯ ಪಿಯಾನೊ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಇಸ್ಸೇ ದೊಬ್ರೊವೆನ್ ನಿರ್ದೇಶನದಲ್ಲಿ ಮೆಟ್ನರ್ ತಾವೇ ನುಡಿಸಿದರು. ಮೊದಲನೆಯ ಕಾನ್ಸರ್ಟೊ, ಪಿಯಾನೊ ಒಂಟಿವಾದನದ ಹಲವು ರಚನೆಗಳು, ಪಿಟೀಲು ಮತ್ತು ಪಿಯಾನೊ ಸೊನಾಟಾ ಹಾಗೂ ಹಾಡುಗಳು ಅವನ್ನು ಹಿಂಬಾಲಿಸಿದವು. ಹಾಡುಗಳಿಗೆ ಪಿಯಾನೊ ಸಹಕಾರ ನೀಡಿದವರೂ ಮೆಟ್ನರ್ ಅವರೇ. ಹಾಡಿದವರಲ್ಲಿ ಸೊಪ್ರಾನೊ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೊಫ್ ಒಬ್ಬರು. ಯುವಕನಾಗಿದ್ದಾಗ ಆರಂಭಿಸಿ ದಶಕಗಳ ಕಾಲ ತಿದ್ದುತ್ತ ಬಂದಿದ್ದ ಪಿಯಾನೊ ಪಂಚವಾದ್ಯ ರಚನೆಯನ್ನೂ ಅವರು ಮುದ್ರಿಸಿಕೊಟ್ಟರು. ಮೆಟ್ನರ್ 1951ರ ನವೆಂಬರಿನಲ್ಲಿ ನಿಧನರಾದರು. ನಾಲ್ಕು ವರ್ಷ ತಡವಾಗಿದ್ದರೆ ಈ ಧ್ವನಿಮುದ್ರಣಗಳು ಇರುತ್ತಿರಲಿಲ್ಲ.

ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಕೃತಜ್ಞತೆಯೊಂದಿಗೆ ಅರ್ಪಿಸಿದ್ದಾರೆ. ಈ ಕೃತಿ ಯುದ್ಧಕಾಲದಲ್ಲಿ ರಚನೆಯಾಗಿ 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ನುಡಿಸಲ್ಪಟ್ಟಿತ್ತು. ಇಂದಿಗೂ ಅದರ ಮುದ್ರಿತ ಸ್ವರಪ್ರತಿಯನ್ನು ತೆರೆಯುವ ಪಿಯಾನೊ ವಾದಕರಿಗೆ ಮೈಸೂರಿನ ಹೆಸರು ಎದುರಾಗುತ್ತದೆ.

ಇದೇ ವರ್ಷಗಳಲ್ಲಿ ಮೈಸೂರಿನಲ್ಲಿ ನಡೆಯುತ್ತಿದ್ದುದು ಬೇರೆಯೇ ಕಥೆ. ಎರಡನೆಯ ಮತ್ತು ಮೂರನೆಯ ಕಾನ್ಸರ್ಟೊಗಳು ಧ್ವನಿಮುದ್ರಣಗೊಂಡ 1947ರಲ್ಲೇ, ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಸಂಸ್ಥಾನದಾದ್ಯಂತ ಹಬ್ಬಿತ್ತು. ಅರಸನ ಅಧಿಕಾರವು ಕರಗುತ್ತಿದ್ದ ಹೊತ್ತಿನಲ್ಲಿ ಅರಸನ ಹಣವು ಲಂಡನ್ನಿನ ಧ್ವನಿಮುದ್ರಣ ಕೊಠಡಿಯಲ್ಲಿ ವ್ಯಯವಾಗುತ್ತಿತ್ತು ಎಂಬುದನ್ನು ಅವರ ಸಂಗೀತಪ್ರೇಮವನ್ನು ಕೊಂಡಾಡುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ರಾಜಕೀಯ ಚರಿತ್ರೆಯ ಪುಸ್ತಕಗಳಾದರೋ ಮೆಟ್ನರ್ ಹೆಸರನ್ನೇ ಎತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದಾಗಲೇ ಆ ಕಾಲದ ಪೂರ್ಣ ಚಿತ್ರ ದೊರೆಯುತ್ತದೆ.

ಫಿಲ್‌ಹಾರ್ಮೋನಿಯ ಮತ್ತು ಸ್ಟ್ರಾಸ್ ಕಛೇರಿ

ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ವಾಲ್ಟರ್ ಲೆಗ್ 1945ರಲ್ಲಿ ಸ್ಥಾಪಿಸಿದ್ದರು. ಅದನ್ನು ಭದ್ರ ನೆಲೆಯ ಮೇಲೆ ನಿಲ್ಲಿಸಲು ಮಹಾರಾಜರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಹರ್ಬರ್ಟ್ ಫಾನ್ ಕಾರಾಯಾನ್ ನಿರ್ದೇಶನದಲ್ಲಿ ಇದೇ ವೃಂದ 1949ರಲ್ಲಿ ಮುದ್ರಿಸಿದ ಬಲಾಕಿರೆಫ್ ಅವರ ಮೊದಲ ಸಿಂಫನಿ ಮತ್ತು ರೂಸೆಲ್ ಅವರ ನಾಲ್ಕನೆಯ ಸಿಂಫನಿಗಳ ಹಿಂದೆಯೂ ಮೈಸೂರಿನ ಆಸಕ್ತಿ ಇತ್ತು. ಎರಡೂ ಆಗ ಅಪರೂಪದ ಕೃತಿಗಳು. ಎಲ್ಲರೂ ಮುದ್ರಿಸುತ್ತಿದ್ದ ಬೀಥೊವನ್‌ಗೆ ಹಣ ಕೊಡುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಸೊಪ್ರಾನೊ ಕಂಠ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಹಾಡುಗಳನ್ನು ಬರೆದರು. ಮರುವರ್ಷ ಅವರು ತೀರಿಕೊಂಡರು. ತಮ್ಮ ಹಾಡುಗಳನ್ನು ಅವರು ಕೇಳಲಿಲ್ಲ. 'ಕೊನೆಯ ನಾಲ್ಕು ಹಾಡುಗಳು' ಎಂದೇ ಪ್ರಸಿದ್ಧವಾದ ಈ ಕೃತಿಯ ಮೊದಲ ಪ್ರದರ್ಶನ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯ ವೃಂದವನ್ನು ನಿರ್ದೇಶಿಸಿದರು. ಕಛೇರಿಗೆ 4,800 ಡಾಲರುಗಳ ಖಾತರಿ ನೀಡಿದ್ದವರು ಮೈಸೂರಿನ ಮಹಾರಾಜರು. ಅವರು ಲಂಡನ್ನಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಕಛೇರಿಯನ್ನು ಅಸಿಟೇಟ್ ತಟ್ಟೆಗಳಲ್ಲಿ ಮುದ್ರಿಸಿ ಅವರ ಸಂಗ್ರಹಕ್ಕೆಂದು ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು.

ಅಸಿಟೇಟ್ ತಟ್ಟೆಗಳು ಮಾರಾಟಕ್ಕಾಗಿ ಒತ್ತಿದ ತಟ್ಟೆಗಳಂತಲ್ಲ. ಅವುಗಳ ಮೇಲ್ಮೈ ಮೃದು. ಮುಳ್ಳು ಓಡಿದಷ್ಟೂ ಸವೆಯುತ್ತವೆ. ಬಹುಕಾಲದ ನಂತರ ಈ ಮುದ್ರಣವನ್ನು ಎಲ್‌ಪಿ ರೂಪಕ್ಕೆ ತಂದಾಗ ಧ್ವನಿ ಬಹಳ ಕೆಟ್ಟಿತ್ತು. 2007ರಲ್ಲಿ ಟೆಸ್ಟಮೆಂಟ್ ಸಂಸ್ಥೆಯೂ 2014ರಲ್ಲಿ ಪ್ರಿಸ್ಟೀನ್ ಆಡಿಯೊ ಸಂಸ್ಥೆಯೂ ಡಿಜಿಟಲ್ ವಿಧಾನಗಳಿಂದ ಅದನ್ನು ಸರಿಪಡಿಸಿ ಹೊರತಂದವು.

ವೀಣೆ ಮತ್ತು ಕೃತಿರಚನೆ

ಪಿಯಾನೊದಿಂದ ಆರಂಭಿಸಿದ ಜಯಚಾಮರಾಜೇಂದ್ರರು ಕರ್ನಾಟಕ ಸಂಗೀತದ ರಚನಕಾರರಾದದ್ದು ಪಟ್ಟಕ್ಕೆ ಬಂದ ನಂತರ. ವೀಣೆಯನ್ನು ಅವರು ವೆಂಕಟಗಿರಿಯಪ್ಪನವರಿಂದ ಕಲಿತರು. ಶಾಸ್ತ್ರದ ಸೂಕ್ಷ್ಮಗಳನ್ನು ತಿಳಿಸಿಕೊಟ್ಟವರು ಆಸ್ಥಾನ ವಿದ್ವಾನ್ ಮೈಸೂರು ವಾಸುದೇವಾಚಾರ್ಯರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಅವರು ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದರು. ಅಂಕಿತದ ಮೂಲ ಇಲ್ಲಿದೆ. ಅರಮನೆಯ ಕೋಟೆಯೊಳಗಿನ ಭುವನೇಶ್ವರಿ ಮತ್ತು ಗಾಯತ್ರಿ ದೇವಾಲಯಗಳನ್ನೂ ರಾಮಾನುಜ ರಸ್ತೆಯ ಕಾಮಕಾಮೇಶ್ವರಿ ದೇವಾಲಯವನ್ನೂ ಮಹಾರಾಜರು ಕಟ್ಟಿಸಿದರು. ಮೂರರ ಶಿಲ್ಪಕಾರ್ಯವೂ ಸಿದ್ಧಲಿಂಗಸ್ವಾಮಿಗಳದೇ.

ಅವರ 94 ಕೃತಿಗಳು 94 ಬೇರೆ ಬೇರೆ ರಾಗಗಳಲ್ಲಿವೆ. ಒಂದು ರಾಗವನ್ನು ಎರಡನೆಯ ಬಾರಿ ಬಳಸದ ಈ ನಿಯಮವನ್ನು ಅವರು ಕೊನೆಯವರೆಗೂ ಪಾಲಿಸಿದ್ದಾರೆ. ಹೀಗಾಗಿ ಅಠಾಣ, ಹಿಂದೋಳ, ನಾದನಾಮಕ್ರಿಯೆಗಳಂತಹ ಪರಿಚಿತ ರಾಗಗಳ ಜೊತೆಗೆ ಜಯಸಂವರ್ಧಿನಿ, ನಾಗಹಿಂದೋಳ, ಚಂದ್ರಹಿಂದೋಳಗಳಂತಹ ಅಪರೂಪದ ರಾಗಗಳಲ್ಲೂ ಕೃತಿಗಳು ದೊರೆತಿವೆ. ಕೆಲವು ರಾಗಗಳಲ್ಲಿ ಅದಕ್ಕೂ ಮೊದಲು ಯಾವ ಕೃತಿಯೂ ಇರಲಿಲ್ಲ. ಸಾಹಿತ್ಯದ ಭಾಷೆ ಸಂಸ್ಕೃತ. ವಸ್ತುವಿನಲ್ಲಿ ದೇವಿಯ ಸ್ತುತಿಗೆ ಪ್ರಾಧಾನ್ಯವಿದ್ದು, ಗಣಪತಿ, ಶಿವ, ವಿಷ್ಣು ಮೊದಲಾದ ದೇವತೆಗಳ ಕೃತಿಗಳೂ ಇವೆ. ಸಮಾಸಗಳು ದಟ್ಟವಾದ ಸಾಹಿತ್ಯ, ನಿಧಾನಗತಿಯ ನಡಿಗೆ ಮತ್ತು ಮಂತ್ರಶಾಸ್ತ್ರದ ಪರಿಭಾಷೆಗಳಲ್ಲಿ ಮುತ್ತುಸ್ವಾಮಿ ದೀಕ್ಷಿತರ ಪ್ರಭಾವ ಕಾಣುತ್ತದೆ. ಅಠಾಣ ರಾಗದ 'ಶ್ರೀ ಮಹಾಗಣಪತಿಂ ಭಜೇಹಂ', ಗಂಭೀರನಾಟ ರಾಗದ 'ಶ್ರೀ ಜಾಲಂಧರ' ಕಛೇರಿಗಳಲ್ಲಿ ಹೆಚ್ಚಾಗಿ ಕೇಳಿಬರುತ್ತವೆ. ಉಳಿದ ಬಹುಪಾಲು ಕೃತಿಗಳು ಇಷ್ಟು ಪ್ರಚಾರ ಪಡೆದಿಲ್ಲವೆಂಬುದು ನಿಜ. ಅಪರೂಪದ ರಾಗದ ಕೃತಿಯನ್ನು ಕಲಿತು ಸಭೆಗೆ ಒಯ್ಯುವ ಕಷ್ಟ ಅದಕ್ಕೆ ಒಂದು ಕಾರಣವಿರಬೇಕು.

ಪಾಶ್ಚಾತ್ಯ ಸಂಗೀತದಲ್ಲಿ ಇಷ್ಟು ಪರಿಶ್ರಮವಿದ್ದವರ ಕೃತಿಗಳಲ್ಲಿ ಅದರ ನೆರಳು ಬಹಳ ವಿರಳ. ಇದಕ್ಕೆ ವಾದ್ಯದ ಸ್ವಭಾವವೂ ಕಾರಣವೆನ್ನಬಹುದು. ಕರ್ನಾಟಕ ಸಂಗೀತದ ಜೀವಾಳವಾದ ಗಮಕವು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ ಕ್ರಿಯೆ. ವೀಣೆಯಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಅದನ್ನು ಹೊಮ್ಮಿಸಬಹುದು. ಪಿಯಾನೊದ ಮನೆಗಳ ನಡುವೆ ಅಂಥ ಹಾದಿಯೇ ಇಲ್ಲ. ಪಶ್ಚಿಮದಿಂದ ಬಂದ ಪಿಟೀಲು ಎರಡು ಶತಮಾನಗಳ ಹಿಂದೆಯೇ ಇಲ್ಲಿಯದಾಯಿತು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಅಳವಡಿಸಿ ನಾದವನ್ನು ಹಿಗ್ಗಿಸಿದರು. ಬಹಳ ಕಾಲದ ಮೇಲೆ ಯು. ಶ್ರೀನಿವಾಸ್ ವಿದ್ಯುತ್ ಮ್ಯಾಂಡೊಲಿನ್‌ನಲ್ಲಿ ಗಮಕಗಳನ್ನು ನುಡಿಸಿ ತೋರಿಸಿದರು. ಪಿಯಾನೊ ಮಾತ್ರ ಹೊರಗೇ ಉಳಿಯಿತು. ಅದನ್ನು ಬಲವಂತವಾಗಿ ಒಳತರುವ ಯತ್ನವನ್ನು ಜಯಚಾಮರಾಜೇಂದ್ರರು ಮಾಡಲಿಲ್ಲ. ಎರಡು ಸಂಗೀತಗಳನ್ನೂ ಬೆರೆಸದೆ, ಒಂದರ ಪಕ್ಕ ಇನ್ನೊಂದನ್ನು ಇರಿಸಿಕೊಂಡು ಬಾಳಿದರು.

ಮೈಸೂರು ವೀಣಾ ಪರಂಪರೆ

ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ (1852–1926) ಶಿಷ್ಯರು. ಶೇಷಣ್ಣನವರ ಕಾಲದಲ್ಲಿ ಧ್ವನಿಮುದ್ರಣ ಇದ್ದರೂ ಅವರ ವಾದನ ಮುಂದಿನವರಿಗೆ ಮುಖ್ಯವಾಗಿ ತಲುಪಿದ್ದು ಗುರುವಿನ ಎದುರು ಕುಳಿತು ಕಲಿತ ಶಿಷ್ಯರ ಬೆರಳುಗಳ ಮೂಲಕ. ಆ ಸಾಲಿನಲ್ಲಿ ವೆಂಕಟಗಿರಿಯಪ್ಪನವರ ಬಳಿಕ ಎದ್ದುಕಾಣುವವರು ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997). ಬೇಲೂರು, ಹಳೇಬೀಡು, ಬಿಕ್ಕೋಡು, ಅರಸೀಕೆರೆಗಳನ್ನೊಳಗೊಂಡ ಹಾಸನ ಜಿಲ್ಲೆ ಆಗ ಮೈಸೂರು ಸಂಸ್ಥಾನದ ಭಾಗವಾಗಿತ್ತು. ಅದೇ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ಯರು ಮಹಾರಾಜರಿಗಿಂತ ಒಂದೇ ವರ್ಷ ಕಿರಿಯರು. ಇಬ್ಬರಿಗೂ ಗುರು ಒಬ್ಬರೇ. ಒಬ್ಬರಿಗೆ ವೀಣೆ ಉಪಾಸನೆಯ ಅಂಗವಾಯಿತು, ಇನ್ನೊಬ್ಬರಿಗೆ ಬದುಕೇ ಆಯಿತು.

ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತ ನಿರ್ಮಾಪಕರಾಗಿ ದುಡಿದರು. ಆಕಾಶವಾಣಿಯ ಮೂಲವೂ ಮೈಸೂರೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರಯಂತ್ರದಿಂದ ಹವ್ಯಾಸವಾಗಿ ಆರಂಭಿಸಿದ ನಿಲಯಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟಿದ್ದರು. ಕೆಲವು ವರ್ಷಗಳ ನಂತರ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅಖಿಲ ಭಾರತ ರೇಡಿಯೊಗೆ ಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅರಮನೆಯ ದರ್ಬಾರು ಸಭೆಗೆ ಸೀಮಿತವಾಗಿದ್ದ ವೀಣೆಯ ನಾದವು ಸಾಮಾನ್ಯರ ಮನೆಗಳಿಗೆ ತಲುಪಿದ್ದು ಹೆಚ್ಚಾಗಿ ಈ ಮಾರ್ಗದಿಂದ.

ವಿಲೀನ ಮತ್ತು ಸಾರ್ವಜನಿಕ ಜೀವನ

1947ರ ಆಗಸ್ಟ್‌ನಲ್ಲಿ ಜಯಚಾಮರಾಜೇಂದ್ರರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರದ ಬೇಡಿಕೆ ಆಗ ಇನ್ನೂ ಈಡೇರಿರಲಿಲ್ಲ. ಸೆಪ್ಟೆಂಬರಿನಲ್ಲಿ ತೀವ್ರಗೊಂಡ ಚಳವಳಿಯ ನಂತರ ಅಕ್ಟೋಬರ್ ಕೊನೆಯಲ್ಲಿ ಕೆ. ಸಿ. ರೆಡ್ಡಿ ನೇತೃತ್ವದ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1950ರ ಜನವರಿ 26ರಂದು ಮಹಾರಾಜರು ಮೈಸೂರು ರಾಜ್ಯದ ರಾಜಪ್ರಮುಖರಾದರು. ಅವರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಲಂಡನ್ನಿನ ವಾದ್ಯವೃಂದಕ್ಕೆ ನೆರವು ನೀಡುವಂಥ ಸ್ಥಿತಿ ಮತ್ತೆ ಬರಲಿಲ್ಲ.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿ ಹೊಸ ಮೈಸೂರು ರಾಜ್ಯ ರೂಪುಗೊಂಡಾಗ ಅದರ ಮೊದಲ ರಾಜ್ಯಪಾಲರಾದರು. 1964ರವರೆಗೆ ಆ ಸ್ಥಾನದಲ್ಲಿದ್ದು, ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಮಾಜಿ ಅರಸರ ಮಾನ್ಯತೆ ಮತ್ತು ರಾಜಧನಗಳು ರದ್ದಾದವು.

ಬರಹಗಳು

ತತ್ತ್ವಶಾಸ್ತ್ರ ಮತ್ತು ಸೌಂದರ್ಯಮೀಮಾಂಸೆಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದರು. 'ದತ್ತಾತ್ರೇಯ: ದಿ ವೇ ಅಂಡ್ ದಿ ಗೋಲ್', 'ದಿ ಗೀತಾ ಅಂಡ್ ಇಂಡಿಯನ್ ಕಲ್ಚರ್', 'ರಿಲಿಜನ್ ಅಂಡ್ ಮ್ಯಾನ್', 'ಆ್ಯನ್ ಆಸ್ಪೆಕ್ಟ್ ಆಫ್ ಇಂಡಿಯನ್ ಈಸ್ತೆಟಿಕ್ಸ್' ಅವುಗಳಲ್ಲಿ ಕೆಲವು. ಕನ್ನಡದ ಮಟ್ಟಿಗೆ ಇವುಗಳಿಗಿಂತ ಹೆಚ್ಚು ಉಪಯುಕ್ತವಾದದ್ದು ಅವರ ಆಶ್ರಯದಲ್ಲಿ ಹೊರಬಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ. ಸಂಸ್ಕೃತದ ಅನೇಕ ಪುರಾಣಗಳೂ ಶಾಸ್ತ್ರಗ್ರಂಥಗಳೂ ಈ ಮಾಲೆಯಲ್ಲಿ ಕನ್ನಡಕ್ಕೆ ಬಂದವು. ಋಗ್ವೇದವೊಂದೇ 35 ಸಂಪುಟಗಳಷ್ಟಾಯಿತು. ಸಂಸ್ಕೃತ ಬಾರದ ಕನ್ನಡಿಗನ ಕೈಗೆ ಮೂಲಗ್ರಂಥಗಳನ್ನು ತಲುಪಿಸಿದ ಈ ಸಂಪುಟಗಳು ಹಳೆಯ ಮೈಸೂರು ಪ್ರಾಂತದ ಗ್ರಂಥಾಲಯಗಳಲ್ಲಿ ಈಗಲೂ ಕಾಣಸಿಗುತ್ತವೆ.

ನಿಧನ ಮತ್ತು ನಂತರ

ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಜಯಚಾಮರಾಜೇಂದ್ರರನ್ನು ಫೆಲೊ ಆಗಿ ಆಯ್ಕೆ ಮಾಡಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ, 55ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮುಂದೆ ಮೈಸೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಮೈಸೂರಿನ ಎಂಜಿನಿಯರಿಂಗ್ ಕಾಲೇಜು, ಜಗನ್ಮೋಹನ ಅರಮನೆಯ ಚಿತ್ರಶಾಲೆ ಮತ್ತು ಬೆಂಗಳೂರಿನ ಜೆ. ಸಿ. ರಸ್ತೆಗಳಿಗೆ ಅವರ ಹೆಸರಿದೆ.

ಮೆಟ್ನರ್ ಸೊಸೈಟಿಯ ತಟ್ಟೆಗಳು ಬಿಡುಗಡೆಯಾದ ಕಾಲ ಅವುಗಳ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಅಮೆರಿಕದಲ್ಲಿ 1948ರಲ್ಲೇ ದೀರ್ಘಾವಧಿಯ ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬಂದಿತ್ತು. ಎಚ್‌ಎಂವಿ 1952ರಲ್ಲಿ ಅದನ್ನು ಅಳವಡಿಸಿಕೊಂಡ ಮೇಲೆ 78 ಸುತ್ತಿನ ದಪ್ಪ ಸಂಪುಟಗಳು ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾದವು. ಮೆಟ್ನರ್ ಸಂಗೀತದ ಅಭಿಮಾನಿಗಳು ಹಳೆಯ ತಟ್ಟೆಗಳನ್ನು ಹುಡುಕಿ ಕಾಪಾಡಿಕೊಂಡರು. ದಶಕಗಳ ನಂತರ ಎರಡನೆಯ ಮತ್ತು ಮೂರನೆಯ ಕಾನ್ಸರ್ಟೊಗಳನ್ನು ಟೆಸ್ಟಮೆಂಟ್ ಸಂಸ್ಥೆ ಸಿ.ಡಿ. ರೂಪದಲ್ಲಿ ಹೊರತಂದಿತು. ಮೆಟ್ನರ್ ಅವರ ಕೃತಿಗಳನ್ನು ಇಂದು ಕಲಿಯುವ ಪಿಯಾನೊ ವಾದಕರು, ಗತಿ ಮತ್ತು ಒತ್ತುಗಳ ವಿಷಯದಲ್ಲಿ ಸಂದೇಹ ಬಂದಾಗ, ರಚನಕಾರನದೇ ವಾದನವಾದ ಈ ಮುದ್ರಿಕೆಗಳನ್ನು ಕೇಳಿ ಪರಿಹರಿಸಿಕೊಳ್ಳುತ್ತಾರೆ.